ಜಪಾನನ್ನು ಹಿಂದಿಕ್ಕಿದೆವಾ? ನಾಲ್ಕನೇ ಸ್ಥಾನದ ಲೆಕ್ಕ ಬಿಡಿಸಿ ನೋಡೋಣ

2025ರ ಮೇ 24ರಂದು ದೆಹಲಿಯಲ್ಲಿ ನೀತಿ ಆಯೋಗದ ಆಡಳಿತ ಮಂಡಳಿಯ ಸಭೆ ನಡೆಯಿತು. ಸಭೆ ಮುಗಿದ ಮೇಲೆ ಆಯೋಗದ ಸಿಇಒ ಬಿ.ವಿ.ಆರ್. ಸುಬ್ರಹ್ಮಣ್ಯಂ ಸುದ್ದಿಗಾರರ ಮುಂದೆ ಒಂದು ಮಾತು ಹೇಳಿದರು. ಭಾರತ ಈಗ ಜಗತ್ತಿನ ನಾಲ್ಕನೇ ದೊಡ್ಡ ಆರ್ಥಿಕತೆ, ಜಪಾನನ್ನು ದಾಟಿ ಬಂದಿದ್ದೇವೆ ಎಂದು. ಕೆಲವೇ ದಿನಗಳಲ್ಲಿ ಅದೇ ಆಯೋಗದ ಸದಸ್ಯ ಅರವಿಂದ ವಿರ್ಮಾನಿ, ನಾವಿನ್ನೂ ಆ ಹಾದಿಯಲ್ಲಿದ್ದೇವೆ, ವರ್ಷದ ಕೊನೆಗೆ ಅಲ್ಲಿಗೆ ತಲುಪುತ್ತೇವೆ ಎಂಬ ಅರ್ಥದಲ್ಲಿ ಮಾತಾಡಿದರು. ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಹೊಸ ಅಂಕಿಗಳನ್ನು ಕೊಟ್ಟಿತು. ಅದರಲ್ಲಿ ಆ ವರ್ಷಕ್ಕೆ ಜಪಾನೇ ಮುಂದಿತ್ತು. ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರದ ಪ್ರಕಟಣೆ ಬಂತು. ಅದರಲ್ಲಿ ಭಾರತ 4.18 ಟ್ರಿಲಿಯನ್, ಅಂದರೆ 4.18 ಲಕ್ಷ ಕೋಟಿ, ಡಾಲರ್‌ನೊಂದಿಗೆ ಜಪಾನನ್ನು ಹಿಂದಿಕ್ಕಿಯಾಗಿತ್ತು.

ಇದನ್ನೆಲ್ಲ ಓದಿದವರಿಗೆ ಎರಡು ಪ್ರಶ್ನೆ ಬರುವುದು ಸಹಜ. ಮೊದಲನೆಯದು, ನಿಜಕ್ಕೂ ಯಾರು ಮುಂದೆ? ಎರಡನೆಯದು ಇನ್ನೂ ಮುಖ್ಯವಾದದ್ದು. ನಮ್ಮ ಆರ್ಥಿಕತೆ ಜಪಾನಿನಷ್ಟೇ ದೊಡ್ಡದಾಗಿದ್ದರೆ ನಮ್ಮ ಬದುಕು ಅಲ್ಲಿನ ಬದುಕಿನ ಹಾಗೆ ಯಾಕಿಲ್ಲ? ಇಬ್ಬರು ಈ ಬಗ್ಗೆ ವಾದ ಮಾಡುವಾಗ ಸಾಮಾನ್ಯವಾಗಿ ಇಬ್ಬರ ಕೈಯಲ್ಲೂ ಸರಿಯಾದ ಅಂಕಿಗಳೇ ಇರುತ್ತವೆ. ಆದರೆ ಆ ಅಂಕಿಗಳು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುತ್ತವೆ. ಯಾವ ಅಂಕಿ ಯಾವ ಪ್ರಶ್ನೆಗೆ ಉತ್ತರ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಕೂದಲೆಳೆಯ ಅಂತರ

ಸುಬ್ರಹ್ಮಣ್ಯಂ ಅವರ ಮಾತಿಗೆ ಆಧಾರ 2025ರ ಏಪ್ರಿಲ್‌ನ ಐಎಂಎಫ್ ವರದಿ. ಅದರಲ್ಲಿ 2025ರ ಭಾರತದ ಜಿಡಿಪಿ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ ಮೌಲ್ಯ, 4,187.017 ಬಿಲಿಯನ್ (ಒಂದು ಬಿಲಿಯನ್ ಎಂದರೆ 100 ಕೋಟಿ) ಡಾಲರ್, ಜಪಾನಿನದು 4,186.431 ಬಿಲಿಯನ್ ಡಾಲರ್. ಇವೆರಡೂ ನಡೆದು ಮುಗಿದ ವರ್ಷದ ಲೆಕ್ಕವಲ್ಲ, ಮುಂದಿನ ಅಂದಾಜು. ವ್ಯತ್ಯಾಸ 58.6 ಕೋಟಿ ಡಾಲರ್. ಕೇಳಲು ದೊಡ್ಡ ಮೊತ್ತ. ಆದರೆ 4.18 ಲಕ್ಷ ಕೋಟಿ ಡಾಲರ್‌ನ ಮುಂದೆ ಅದು 10 ಸಾವಿರದಲ್ಲಿ ಒಂದೂವರೆ ಪಾಲಿನಷ್ಟೂ ಇಲ್ಲ. ಡಾಲರ್ ಎದುರು ಯೆನ್ ಒಂದು ಚೂರು ಅತ್ತಿತ್ತ ಆದರೆ ಸಾಕು, ಸ್ಥಾನ ಅದಲು ಬದಲಾಗುತ್ತದೆ.

ಆದದ್ದೂ ಹಾಗೆಯೇ. ಅಕ್ಟೋಬರ್ ವರದಿಯಲ್ಲಿ ಜಪಾನ್ ಸುಮಾರು 4.28 ಟ್ರಿಲಿಯನ್, ಭಾರತ ಸುಮಾರು 4.13 ಟ್ರಿಲಿಯನ್ ಆಯಿತು. ಭಾರತ ಮುಂದೆ ಹೋಗುವುದು 2026ರಲ್ಲಿ ಎಂದು ಅದೇ ವರದಿ ಅಂದಾಜಿಸಿತು. ಈ ಆರು ತಿಂಗಳಲ್ಲಿ ಭಾರತದ ಕಾರ್ಖಾನೆಗಳೇನೂ ಮುಚ್ಚಿರಲಿಲ್ಲ. ಬೆಳವಣಿಗೆಯ ವೇಗ ಚೆನ್ನಾಗಿಯೇ ಇತ್ತು. ಬದಲಾದದ್ದು ಮುಖ್ಯವಾಗಿ ಡಾಲರ್‌ನ ಲೆಕ್ಕ. ರೂಪಾಯಿ ಮೇ ನಂತರ ಜಾರುತ್ತಾ ಬಂದು ಡಿಸೆಂಬರ್‌ನಲ್ಲಿ ಡಾಲರ್‌ಗೆ 90 ದಾಟಿತು. ರೂಪಾಯಿ ಇಳಿದರೆ, ಅಷ್ಟೇ ರೂಪಾಯಿಯ ದುಡಿಮೆಯನ್ನು ಡಾಲರ್‌ಗೆ ತಿರುಗಿಸಿದಾಗ ಕಮ್ಮಿ ಕಾಣುತ್ತದೆ.

ಇನ್ನೊಂದು ಸಣ್ಣ ತೊಡಕೂ ಇದೆ. ಭಾರತದ "2025" ಎಂದು ಐಎಂಎಫ್ ತೋರಿಸುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷವನ್ನು, ಅಂದರೆ 2025-26ನ್ನು. ಜಪಾನಿನದು ಜನವರಿಯಿಂದ ಡಿಸೆಂಬರ್. ವೇಗವಾಗಿ ಬೆಳೆಯುವ ದೇಶಕ್ಕೆ ಮೂರು ತಿಂಗಳು ಮುಂದಿನ ಲೆಕ್ಕ ಸಿಕ್ಕರೆ ಅಷ್ಟರಮಟ್ಟಿಗೆ ಅನುಕೂಲವೇ. ಅಂತರ ದೊಡ್ಡದಾಗಿದ್ದಾಗ ಇದನ್ನು ಯಾರೂ ಗಮನಿಸುವುದಿಲ್ಲ. ಕೂದಲೆಳೆಯ ಅಂತರದಲ್ಲಿ ಇದೂ ಲೆಕ್ಕಕ್ಕೆ ಬರುತ್ತದೆ.

ಜಪಾನ್ ಕುಗ್ಗಿತಾ, ಯೆನ್ ಕುಗ್ಗಿತಾ?

ಈ ಪೈಪೋಟಿಯ ಅರ್ಧ ಕಥೆ ಜಪಾನಿನ ಕರೆನ್ಸಿಯದು. ಆ ಕಥೆ ಸುದ್ದಿಗಳಲ್ಲಿ ಹೆಚ್ಚು ಬರುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

2012ರಲ್ಲಿ ಜಪಾನಿನ ಜಿಡಿಪಿ ಸುಮಾರು 500 ಲಕ್ಷ ಕೋಟಿ ಯೆನ್ ಇತ್ತು. ಆಗ ಒಂದು ಡಾಲರ್‌ಗೆ ಸುಮಾರು 80 ಯೆನ್. ಭಾಗಿಸಿದರೆ 6.2 ಟ್ರಿಲಿಯನ್ ಡಾಲರ್‌ಗಿಂತ ಜಾಸ್ತಿ ಬರುತ್ತದೆ. 2024ರಲ್ಲಿ ಅದೇ ಜಿಡಿಪಿ 600 ಲಕ್ಷ ಕೋಟಿ ಯೆನ್ ದಾಟಿತು. ಆದರೆ ಆ ವರ್ಷ ಒಂದು ಡಾಲರ್‌ಗೆ ಸರಾಸರಿ 151 ಯೆನ್. ಭಾಗಿಸಿದರೆ 4 ಟ್ರಿಲಿಯನ್‌ಗೆ ಬಂದು ನಿಲ್ಲುತ್ತದೆ. ತಮ್ಮದೇ ಹಣದಲ್ಲಿ ಎಣಿಸಿದರೆ ಜಪಾನಿಗರ ಉತ್ಪಾದನೆ ಐದನೇ ಒಂದು ಭಾಗ ಏರಿದೆ. ಡಾಲರ್‌ನಲ್ಲಿ ಎಣಿಸಿದರೆ ಮೂರನೇ ಒಂದು ಭಾಗ ಕರಗಿದೆ. ದೇಶ ಅದೇ, ದುಡಿಮೆಯೂ ಅದೇ, ಅಳತೆಗೋಲು ಮಾತ್ರ ಬೇರೆ.

ಯೆನ್ ಇಷ್ಟು ಇಳಿದದ್ದು ಯಾಕೆ? ಜಪಾನಿನಲ್ಲಿ ದಶಕಗಳ ಕಾಲ ಬೆಲೆಗಳು ಏರಲೇ ಇಲ್ಲ. ಬೆಲೆ ಏರದಿದ್ದರೆ ಕಂಪನಿಗಳು ಸಂಬಳ ಏರಿಸುವುದಿಲ್ಲ, ಜನ ಖರ್ಚು ಮುಂದೂಡುತ್ತಾರೆ, ವ್ಯಾಪಾರ ಮಂದವಾಗುತ್ತದೆ. ಇದರಿಂದ ಹೊರಬರಲು ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಜಪಾನ್ 2013ರಿಂದ ಭಾರಿ ಪ್ರಮಾಣದಲ್ಲಿ ಹಣ ಹರಿಸಿತು. ಬಡ್ಡಿ ದರವನ್ನು ಸೊನ್ನೆಯ ಹತ್ತಿರ ಇಟ್ಟಿತು, ನಂತರ ಸೊನ್ನೆಗಿಂತಲೂ ಕೆಳಗೆ ತಂದು 2024ರ ಮಾರ್ಚ್‌ವರೆಗೂ ಹಾಗೇ ಬಿಟ್ಟಿತು. ಈ ನಡುವೆ 2022ರಿಂದ ಅಮೆರಿಕ ತನ್ನ ಬಡ್ಡಿಯನ್ನು ಏರಿಸುತ್ತಾ ಹೋಗಿ ಶೇಕಡಾ 5 ದಾಟಿಸಿತು. ಒಂದು ಕಡೆ ಬಡ್ಡಿಯೇ ಇಲ್ಲ, ಇನ್ನೊಂದು ಕಡೆ ಶೇಕಡಾ 5. ಹಣ ಎತ್ತ ಹರಿಯುತ್ತದೆ ಎಂದು ಹೇಳಬೇಕಿಲ್ಲ. ಹೂಡಿಕೆದಾರರು ಯೆನ್ ಮಾರಿ ಡಾಲರ್ ಕೊಂಡರು. 2024ರ ಜುಲೈನಲ್ಲಿ ಡಾಲರ್‌ಗೆ 160 ಯೆನ್‌ಗಿಂತ ಜಾಸ್ತಿ ಆಯಿತು.

ಇದೇ ಕಾರಣದಿಂದ 2023ರಲ್ಲಿ ಜರ್ಮನಿ ಜಪಾನನ್ನು ದಾಟಿ ಮೂರನೇ ಸ್ಥಾನಕ್ಕೆ ಬಂತು. ಆ ವರ್ಷ ಜರ್ಮನಿಯ ಆರ್ಥಿಕತೆ ಬೆಳೆದದ್ದಲ್ಲ, ಅಲ್ಪ ಕುಗ್ಗಿತ್ತು. ಆದರೂ ಒಂದು ಮೆಟ್ಟಿಲು ಮೇಲೆ ಹೋಯಿತು.

ಹಾಗೆಂದು ಭಾರತದ ಏರಿಕೆ ಬರೀ ಯೆನ್‌ನ ಆಟ ಎಂದುಕೊಂಡರೆ ತಪ್ಪಾಗುತ್ತದೆ. 2012ರಲ್ಲಿ ಭಾರತದ ಜಿಡಿಪಿ 2 ಟ್ರಿಲಿಯನ್ ಡಾಲರ್‌ಗಿಂತಲೂ ಕಮ್ಮಿ ಇತ್ತು. ಅಲ್ಲಿಂದ ಇಲ್ಲಿಗೆ, ಅದೂ ರೂಪಾಯಿ ಇಳಿಯುತ್ತಿದ್ದರೂ, ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಅದು ನಿಜವಾದ ಬೆಳವಣಿಗೆ. ಯೆನ್ 80ರಲ್ಲೇ ನಿಂತಿದ್ದರೆ ಇಬ್ಬರೂ ಸಮ ಆಗುವುದಕ್ಕೆ ಇನ್ನೂ ಹಲವು ವರ್ಷ ಹಿಡಿಯುತ್ತಿತ್ತು, ಅಷ್ಟೇ.

ಪಾತ್ರೆ ಒಂದೇ ಅಳತೆ, ಪಂಕ್ತಿ ಹನ್ನೆರಡು ಪಟ್ಟು

ಈಗ ಎರಡನೇ ಪ್ರಶ್ನೆಗೆ ಬರೋಣ. ಜಪಾನಿನ ಜನಸಂಖ್ಯೆ 12 ಕೋಟಿ ಚಿಲ್ಲರೆ. ನಮ್ಮದು 146 ಕೋಟಿಯ ಆಸುಪಾಸು. ಒಂದೇ ಅಳತೆಯ ಪಾತ್ರೆಯಲ್ಲಿ ಬೇಯಿಸಿದ ಅನ್ನವನ್ನು ಅಲ್ಲಿ ಒಬ್ಬರು ಉಣ್ಣುವ ಕಡೆ ಇಲ್ಲಿ 12 ಜನ ಉಣ್ಣಬೇಕು. ತಲಾ ಲೆಕ್ಕದಲ್ಲಿ ಜಪಾನಿನದು ಸುಮಾರು 33,900 ಡಾಲರ್, ಭಾರತದ್ದು ಸುಮಾರು 2,900 ಡಾಲರ್.

ಸರ್ಕಾರದ ಕಡೆಯಿಂದ ನೋಡಿದರೆ ಅಂತರ ಇನ್ನೂ ಅಗಲವಾಗುತ್ತದೆ. ಜಪಾನಿನಲ್ಲಿ ಎಲ್ಲ ಹಂತದ ಸರ್ಕಾರಗಳು ತೆರಿಗೆ, ವಿಮಾ ವಂತಿಗೆ ಎಲ್ಲ ಸೇರಿಸಿ ಜಿಡಿಪಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಂಗ್ರಹಿಸುತ್ತವೆ. ನಮ್ಮಲ್ಲಿ ಕೇಂದ್ರ ಮತ್ತು ರಾಜ್ಯ ಎರಡೂ ಸೇರಿ ಸುಮಾರು ಐದನೇ ಒಂದು ಭಾಗ. ಜಿಡಿಪಿ ಸಮ ಇದ್ದರೂ ಅವರ ಖಜಾನೆಗೆ ಬರುವುದು ಹೆಚ್ಚುಕಡಿಮೆ ಎರಡು ಪಟ್ಟು, ಹಂಚಬೇಕಾದ ಜನ ಹನ್ನೆರಡರಲ್ಲಿ ಒಂದು ಪಾಲು. ಒಬ್ಬ ಪ್ರಜೆಯ ಆಸ್ಪತ್ರೆ, ಶಾಲೆ, ಚರಂಡಿ, ಬಸ್ಸಿಗೆ ಅಲ್ಲಿನ ಸರ್ಕಾರದ ಕೈಯಲ್ಲಿ ಇರುವ ಹಣ ಇಲ್ಲಿಗಿಂತ 20 ಪಟ್ಟು ಅಥವಾ ಅದಕ್ಕೂ ಜಾಸ್ತಿ. "ಅಷ್ಟು ದೊಡ್ಡ ಆರ್ಥಿಕತೆ, ಆದರೂ ಫುಟ್‌ಪಾತ್ ಯಾಕೆ ಹೀಗಿದೆ" ಎಂದು ಕೇಳುವವರಿಗೆ ಪೂರ್ತಿ ಉತ್ತರ ಇದಲ್ಲ. ಆದರೆ ಉತ್ತರದ ದೊಡ್ಡ ತುಂಡು ಇದು.

ಸರಾಸರಿಯ ಒಳಗೂ ಹಲವು ಭಾರತಗಳಿವೆ. ಬಿಹಾರದ ತಲಾ ಆದಾಯ ದೇಶದ ಸರಾಸರಿಯ ಮೂರನೇ ಒಂದು ಭಾಗ. ಕರ್ನಾಟಕದ್ದು ಸರಾಸರಿಯ ಸುಮಾರು 1.8 ಪಟ್ಟು. ಕರ್ನಾಟಕದ ಒಳಗೆ ಬೆಂಗಳೂರಿನದು ಒಂದು ಮಟ್ಟ, ಕಲಬುರಗಿಯದು ಇನ್ನೊಂದು. ಜಪಾನಿನಲ್ಲೂ ಟೋಕಿಯೊಗೂ ಉಳಿದ ಪ್ರಾಂತ್ಯಗಳಿಗೂ ವ್ಯತ್ಯಾಸ ಇದೆ, ಆದರೆ ಇಷ್ಟು ಆಳದ ಕಂದಕ ಇಲ್ಲ.

ಇಲ್ಲಿ ಎಲ್ಲ ಅಗ್ಗ ಅಲ್ವಾ?

ಹೌದು, ಅಗ್ಗ. ಈ ಆಕ್ಷೇಪ ಸರಿಯಾದದ್ದೇ. ಒಂದು ಡಾಲರ್‌ನ ರೂಪಾಯಿಗೆ ಇಲ್ಲಿ ಸಿಗುವುದು ಒಂದು ಡಾಲರ್‌ಗೆ ಅಮೆರಿಕದಲ್ಲಿ ಸಿಗುವುದಕ್ಕಿಂತ ತುಂಬಾ ಜಾಸ್ತಿ. ಅದಕ್ಕಾಗಿಯೇ ಕೊಳ್ಳುವ ಶಕ್ತಿಯ ಸಮತೆ ಎಂಬ ಇನ್ನೊಂದು ಲೆಕ್ಕ ಇದೆ. ಪಿಪಿಪಿ ಎಂದು ಕರೆಯುವುದು ಇದನ್ನೇ. ವಿಶ್ವ ಬ್ಯಾಂಕಿನ ನೇತೃತ್ವದಲ್ಲಿ ದೇಶ ದೇಶಗಳ ಬೆಲೆಗಳನ್ನು ಸಂಗ್ರಹಿಸಿ, ಒಂದೇ ಬಗೆಯ ವಸ್ತು ಮತ್ತು ಸೇವೆಗೆ ಎಲ್ಲಿ ಎಷ್ಟು ಎಂದು ಹೋಲಿಸುತ್ತಾರೆ. 2021ರ ಬೆಲೆಗಳ ಹೋಲಿಕೆಯಲ್ಲಿ ಸಿಕ್ಕ ಉತ್ತರ 20.22. ಅಂದರೆ ಅಮೆರಿಕದಲ್ಲಿ ಒಂದು ಡಾಲರ್‌ಗೆ ಸಿಗುವುದು ಭಾರತದಲ್ಲಿ ಸರಾಸರಿ 20 ರೂಪಾಯಿ ಚಿಲ್ಲರೆಗೆ ಸಿಗುತ್ತದೆ. ಆಗ ಮಾರುಕಟ್ಟೆಯಲ್ಲಿ ಡಾಲರ್‌ಗೆ ಸುಮಾರು 74 ರೂಪಾಯಿ ಇತ್ತು.

ಈ ಲೆಕ್ಕ ಹಿಡಿದರೆ ಭಾರತದ ತಲಾ ಜಿಡಿಪಿ ಸುಮಾರು 12 ಸಾವಿರ ಡಾಲರ್, ಜಪಾನಿನದು 54 ಸಾವಿರ ಡಾಲರಿನ ಆಸುಪಾಸು. ಅಂತರ 12 ಪಟ್ಟಿನಿಂದ ನಾಲ್ಕೂವರೆ ಪಟ್ಟಿಗೆ ಇಳಿಯುತ್ತದೆ. ದಿನದಿನದ ಬದುಕನ್ನು ಹೋಲಿಸಲು ಎರಡರಲ್ಲಿ ಹೆಚ್ಚು ನ್ಯಾಯವಾದದ್ದು ಇದೇ. ಅಷ್ಟೇ ಅಲ್ಲ, ಈ ಅಳತೆಯಲ್ಲಿ ಒಟ್ಟು ಗಾತ್ರ ನೋಡಿದರೆ ಭಾರತ ಜಪಾನನ್ನು ದಾಟಿದ್ದು ಹಳೆಯ ಸುದ್ದಿ. 2011ರ ಬೆಲೆಗಳ ಹೋಲಿಕೆ 2014ರಲ್ಲಿ ಹೊರಬಂದಾಗಲೇ ಅಮೆರಿಕ, ಚೀನಾ ಆದ ಮೇಲೆ ಭಾರತ ಮೂರನೆಯದಾಗಿತ್ತು.

ಆದರೆ "ಇಲ್ಲಿ ಅಗ್ಗ" ಎಂಬ ಮಾತಿನ ಒಳಗೆ ಇನ್ನೊಂದು ಮಾತು ಅಡಗಿದೆ. ಅಗ್ಗವಾಗಿರುವುದು ಏನು? ಮೊಬೈಲ್ ಅಗ್ಗವಲ್ಲ. ಪೆಟ್ರೋಲ್ ಅಗ್ಗವಲ್ಲ, ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಜಾಸ್ತಿ ನಾವು ಹೊರಗಿನಿಂದ ತರುತ್ತೇವೆ. ಮಗಳು ಟೋಕಿಯೊದಲ್ಲಿ ಓದಬೇಕೆಂದರೆ ಪಿಪಿಪಿ ಹಿಡಿದು ಅಲ್ಲಿ ಫೀಸು ಕಟ್ಟಲು ಆಗುವುದಿಲ್ಲ. ಅಗ್ಗವಾಗಿರುವುದು ಮನುಷ್ಯರ ಕೆಲಸ. ಕ್ಷೌರ, ಇಸ್ತ್ರಿ, ಮನೆಗೆಲಸ, ಆಟೋ, ಹೊಲಿಗೆ, ಕಟ್ಟಡದ ಕೂಲಿ. ಕ್ಷೌರಿಕರು ಟೋಕಿಯೊದಲ್ಲೂ ಒಂದು ತಲೆಗೆ ಹೆಚ್ಚುಕಡಿಮೆ ಅಷ್ಟೇ ಸಮಯ ತೆಗೆದುಕೊಳ್ಳುತ್ತಾರೆ, ಹುಬ್ಬಳ್ಳಿಯಲ್ಲೂ ಅಷ್ಟೇ. ಹುಬ್ಬಳ್ಳಿಯಲ್ಲಿ ಅಗ್ಗವಾಗುವುದು ಆ ಕೆಲಸ ಮಾಡುವವರಿಗೆ ಸಿಗುವ ಹಣ ಕಮ್ಮಿ ಇರುವುದರಿಂದ. ಕೊಳ್ಳುವವರಿಗೆ ಅದು ಉಳಿತಾಯ, ಮಾಡುವವರಿಗೆ ಅದೇ ಬಡತನ. ಪಿಪಿಪಿ ಲೆಕ್ಕ ಈ ಎರಡನ್ನೂ ಸೇರಿಸಿ ಒಂದು ಸರಾಸರಿ ಕೊಡುತ್ತದೆ.

ಈ ನಾಲ್ಕೂವರೆ ಪಟ್ಟಿನ ಅಂತರ ಮುಚ್ಚಲು ಎಷ್ಟು ಕಾಲ ಬೇಕು? ಇದು ಭವಿಷ್ಯವಲ್ಲ, ಬರೀ ಗಣಿತ. ತಲಾ ಆದಾಯ ಭಾರತದಲ್ಲಿ ಪ್ರತಿವರ್ಷ ತಪ್ಪದೆ ಶೇಕಡಾ 5.5ರಷ್ಟು, ಜಪಾನಿನಲ್ಲಿ ಶೇಕಡಾ 1ರಷ್ಟು ಬೆಳೆದರೆ ಸುಮಾರು 35 ವರ್ಷ. ಒಂದೂ ವರ್ಷ ಎಡವದೆ.

ನಿರುದ್ಯೋಗ ಎರಡೂ ಕಡೆ ಕಮ್ಮಿ ಎಂದರೆ?

ಗೊಂದಲ ಹುಟ್ಟಿಸುವ ಇನ್ನೊಂದು ಹೋಲಿಕೆ ನಿರುದ್ಯೋಗದ್ದು. 2024ರಲ್ಲಿ ಜಪಾನಿನ ನಿರುದ್ಯೋಗ ದರ ಶೇಕಡಾ 2.5ರಷ್ಟು. ಭಾರತದ ಕಾರ್ಮಿಕ ಸಮೀಕ್ಷೆಯಲ್ಲಿ 2023-24ಕ್ಕೆ ಶೇಕಡಾ 3.2. ಪಕ್ಕಪಕ್ಕ ಇಟ್ಟರೆ ಇಬ್ಬರೂ ಒಂದೇ ಮನೆಯವರಂತೆ ಕಾಣುತ್ತಾರೆ. ಡಿಗ್ರಿ ಮುಗಿಸಿ ವರ್ಷಗಟ್ಟಲೆ ಅರ್ಜಿ ಹಾಕುತ್ತಿರುವ ಮಕ್ಕಳಿರುವ ಮನೆಗಳಿಗೆ ಈ ಅಂಕಿ ಸುಳ್ಳು ಅನ್ನಿಸುತ್ತದೆ. ಅದು ಸುಳ್ಳಲ್ಲ. ಅದು ಅಳೆಯುತ್ತಿರುವುದು ಬೇರೆ.

ನಮ್ಮ ಆ 3.2ರ ಲೆಕ್ಕದಲ್ಲಿ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೂ ಉದ್ಯೋಗದಲ್ಲಿದ್ದಂತೆ. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೈ ಜೋಡಿಸುವವರೂ ಉದ್ಯೋಗಿಗಳೇ. ಕೆಲಸದಲ್ಲಿದ್ದಾರೆ ಎಂದು ಎಣಿಸಿದವರಲ್ಲಿ ಸುಮಾರು 5ರಲ್ಲಿ ಒಬ್ಬರು ಹೀಗೆ ಸಂಬಳವಿಲ್ಲದ ಸಹಾಯಕರು. ಇವರೂ ಸೇರಿದಂತೆ ಸ್ವಂತ ಉದ್ಯೋಗದವರು ಶೇಕಡಾ 58.4. ತಿಂಗಳ ಸಂಬಳದವರು ಶೇಕಡಾ 21.7 ಮಾತ್ರ. ಜಪಾನಿನಲ್ಲಿ 10 ಜನ ದುಡಿಯುವವರಲ್ಲಿ 9 ಜನ ಸಂಬಳಕ್ಕೆ ದುಡಿಯುತ್ತಾರೆ.

ಇದಕ್ಕೆ ಕಾರಣ ಸರಳ. ನಿರುದ್ಯೋಗಿ ಎನ್ನಿಸಿಕೊಳ್ಳಲು ಕೆಲಸವಿಲ್ಲದೆ ಹುಡುಕುತ್ತಾ ಕೂರುವ ಶಕ್ತಿ ಬೇಕು. ಜಪಾನಿನಲ್ಲಿ ಕೆಲಸ ಹೋದರೆ ವಿಮೆಯ ಹಣ ಕೆಲವು ತಿಂಗಳು ಬರುತ್ತದೆ, ಆ ತಿಂಗಳುಗಳಲ್ಲಿ ಆ ವ್ಯಕ್ತಿ ನಿರುದ್ಯೋಗಿ ಎಂದು ಲೆಕ್ಕಕ್ಕೆ ಸಿಗುತ್ತಾರೆ. ಇಲ್ಲಿ ಬಡವರಿಗೆ ಸುಮ್ನೆ ಕೂರುವ ಅವಕಾಶವೇ ಇಲ್ಲ. ಕೈಗೆ ಸಿಕ್ಕ ಕೆಲಸ ಮಾಡುತ್ತಾರೆ, ಅಥವಾ ಊರಿಗೆ ಮರಳಿ ಹೊಲಕ್ಕೆ ಇಳಿಯುತ್ತಾರೆ. ದುಡಿಯುವವರಲ್ಲಿ ಶೇಕಡಾ 46ರಷ್ಟು ಜನ 2023-24ರಲ್ಲೂ ಕೃಷಿಯಲ್ಲಿದ್ದರು, ಆದರೆ ಕೃಷಿಯಿಂದ ಬರುವ ಉತ್ಪಾದನೆ ಒಟ್ಟಿನಲ್ಲಿ ಐದನೇ ಒಂದು ಭಾಗಕ್ಕಿಂತ ಕಮ್ಮಿ. ಜಪಾನಿನಲ್ಲಿ ಕೃಷಿಯಲ್ಲಿರುವವರು ಶೇಕಡಾ 3ರ ಆಸುಪಾಸು. ಎರಡು ದೇಶಗಳ ಬದುಕಿನ ವ್ಯತ್ಯಾಸವನ್ನು ತಿಳಿಯಲು ಒಂದೇ ಅಂಕಿ ಆರಿಸಿಕೊಳ್ಳಿ ಎಂದರೆ ನಿರುದ್ಯೋಗ ದರಕ್ಕಿಂತ ಇದನ್ನೇ ಆರಿಸಬೇಕು.

ಅಸಮಾನತೆಯ ಅಂಕಿ ಓದುವಾಗ

2025ರ ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು. ಸಮಾನತೆಯಲ್ಲಿ ಭಾರತ ಜಗತ್ತಿಗೇ ನಾಲ್ಕನೆಯದು, ಗಿನಿ ಸೂಚ್ಯಂಕ 25.5 ಎಂದು. ಗಿನಿ ಕಮ್ಮಿ ಇದ್ದಷ್ಟೂ ಸಮಾನತೆ ಜಾಸ್ತಿ. ಜಪಾನಿನದು 30ಕ್ಕಿಂತ ಮೇಲಿದೆ. ಹಾಗಾದರೆ ನಾವು ಜಪಾನಿಗಿಂತ ಸಮಾನರಾ?

ಭಾರತದ ಆ 25.5 ಜನ ಎಷ್ಟು ಖರ್ಚು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ. ಜಪಾನ್, ಅಮೆರಿಕದಂಥ ದೇಶಗಳ ಗಿನಿ ಜನ ಎಷ್ಟು ಗಳಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ತಿಂಗಳಿಗೆ 10 ಸಾವಿರ ಗಳಿಸುವವರು ಪೂರ್ತಿ 10 ಸಾವಿರವನ್ನೂ ಖರ್ಚು ಮಾಡುತ್ತಾರೆ. 10 ಲಕ್ಷ ಗಳಿಸುವವರು ಒಂದು ಪಾಲನ್ನು ಮಾತ್ರ ಖರ್ಚು ಮಾಡಿ ಉಳಿದದ್ದನ್ನು ಕೂಡಿಡುತ್ತಾರೆ. ಆದ್ದರಿಂದ ಖರ್ಚಿನ ಅಂತರ ಯಾವಾಗಲೂ ಗಳಿಕೆಯ ಅಂತರಕ್ಕಿಂತ ಚಿಕ್ಕದು. ಜೊತೆಗೆ ತುಂಬಾ ಶ್ರೀಮಂತರು ಮನೆಮನೆ ಸಮೀಕ್ಷೆಗೆ ಸಿಗುವುದೂ ಕಮ್ಮಿ. 25.5ನ್ನು ಕೊಟ್ಟ ವಿಶ್ವ ಬ್ಯಾಂಕಿನ ಅದೇ ಟಿಪ್ಪಣಿಯಲ್ಲಿ ಇನ್ನೊಂದು ಅಂಕಿಯೂ ಇತ್ತು. ವಿಶ್ವ ಅಸಮಾನತೆ ದತ್ತಾಂಶದ ಪ್ರಕಾರ ಭಾರತದ ಆದಾಯದ ಗಿನಿ 2004ರಲ್ಲಿ 52 ಇದ್ದದ್ದು 2023ಕ್ಕೆ 62 ಆಗಿದೆ ಎಂಬುದು. ಖರ್ಚಿನ ಗಿನಿ 2011-12ರ 28.8ರಿಂದ ಇಳಿದದ್ದು ಒಳ್ಳೆಯ ಸುದ್ದಿಯೇ, ಬಡವರ ಖರ್ಚು ಏರಿದೆ ಎಂದರ್ಥ. ಆದರೆ ಅದನ್ನು ಜಪಾನಿನ ಆದಾಯದ ಗಿನಿಯ ಪಕ್ಕ ಇಡುವುದು ಸೇರನ್ನು ಮೊಳದ ಜೊತೆ ಹೋಲಿಸಿದಂತೆ.

ಒಂದು ವರ್ಷ ತುಂಬುವ ಮಗು

ಹಣದ ಲೆಕ್ಕಗಳಲ್ಲಿ ವಿನಿಮಯ ದರ, ಬೆಲೆ, ವ್ಯಾಖ್ಯೆ ಎಂಬ ತೊಡಕುಗಳಿವೆ. ಮಗು ಬದುಕಿತೇ ಇಲ್ಲವೇ ಎಂಬುದನ್ನು ಡಾಲರ್‌ಗೆ ತಿರುಗಿಸಬೇಕಿಲ್ಲ. 2023ರ ಲೆಕ್ಕದಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 25 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ಜಪಾನಿನಲ್ಲಿ ಇದು 2. ನಮ್ಮಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಮಕ್ಕಳು ಹುಟ್ಟುತ್ತಾರೆ. ನಮ್ಮ ದರ ಜಪಾನಿನಷ್ಟೇ ಇದ್ದಿದ್ದರೆ ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ಮಕ್ಕಳು ಮೊದಲ ಹುಟ್ಟುಹಬ್ಬ ನೋಡುತ್ತಿದ್ದರು. ಈ ಲೇಖನದ ಎಲ್ಲ ಅಂಕಿಗಳಲ್ಲಿ ಇದಕ್ಕಿಂತ ಭಾರವಾದದ್ದು ಇನ್ನೊಂದಿಲ್ಲ.

ಆಯಸ್ಸಿನ ನಿರೀಕ್ಷೆ ಜಪಾನಿನಲ್ಲಿ ಹೆಂಗಸರಿಗೆ 87 ವರ್ಷ, ಗಂಡಸರಿಗೆ 81. ಭಾರತದಲ್ಲಿ ಒಟ್ಟಾರೆ 70 ದಾಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5ರಷ್ಟು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು.

ಇದೆಲ್ಲ ಬಡತನದಿಂದ, ಶ್ರೀಮಂತರಾದರೆ ತಾನಾಗಿ ಸರಿಹೋಗುತ್ತದೆ ಎನ್ನುವವರಿದ್ದಾರೆ. ಈ ಮಾತು ಅರ್ಧ ಮಾತ್ರ ಸರಿ. ಜಪಾನಿನಲ್ಲಿ 20ನೇ ಶತಮಾನದ ಆರಂಭದಲ್ಲೇ 10ರಲ್ಲಿ 9 ಮಕ್ಕಳ ಹೆಸರು ಶಾಲೆಯಲ್ಲಿತ್ತು. ಎಲ್ಲರಿಗೂ ಆರೋಗ್ಯ ವಿಮೆ ಬಂದದ್ದು 1961ರಲ್ಲಿ. ಆಗ ಅದು ಇಂದಿನ ಶ್ರೀಮಂತ ಜಪಾನ್ ಆಗಿರಲಿಲ್ಲ, ಬುಲೆಟ್ ರೈಲು ಓಡಿದ್ದು ಅದಾದ ಮೂರು ವರ್ಷಕ್ಕೆ. ನಮ್ಮಲ್ಲೂ ಸಾಕ್ಷಿ ಇದೆ. ಕೇರಳದ ಶಿಶು ಮರಣ ದರ 5, ಮಧ್ಯಪ್ರದೇಶದ್ದು 37. ಇಷ್ಟು ದೊಡ್ಡ ಅಂತರವನ್ನು ಹಣವೊಂದೇ ವಿವರಿಸುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಯಂದಿರ ಓದು, ಹೆರಿಗೆಗೆ ಆಸ್ಪತ್ರೆ ಹತ್ತಿರ ಇರುವುದು, ಇವು ಆದಾಯಕ್ಕಿಂತ ಮೊದಲೇ ಬರಬಹುದು. ತಡವಾಗಿಯೂ ಬರಬಹುದು. ಯಾವುದು ಮೊದಲು ಎಂದು ತೀರ್ಮಾನಿಸುವುದು ಬಜೆಟ್.

ವರ್ಷದ ದುಡಿಮೆ ಬೇರೆ, ಕೂಡಿಟ್ಟದ್ದು ಬೇರೆ

ಜಿಡಿಪಿ ಒಂದು ವರ್ಷದ ದುಡಿಮೆ. ಇಷ್ಟು ವರ್ಷ ಕೂಡಿಟ್ಟದ್ದು ಅದರಲ್ಲಿ ಕಾಣುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ನಿವೃತ್ತಿಗೆ ಹತ್ತಿರ ಇರುವವರಿಗೂ ಒಂದೇ ಸಂಬಳ ಇರಬಹುದು. ಆದರೆ ಎರಡನೆಯವರಿಗೆ ಮನೆ ಇದೆ, ಠೇವಣಿ ಇದೆ.

ಸುಬ್ರಹ್ಮಣ್ಯಂ ಆ ಮಾತು ಹೇಳಿದ ಮೂರು ದಿನಕ್ಕೆ, 2025ರ ಮೇ 27ರಂದು, ಜಪಾನಿನಲ್ಲಿ ಇನ್ನೊಂದು ಅಂಕಿ ಹೊರಬಂತು. 2024ರ ಕೊನೆಗೆ ಜಪಾನಿನ ನಿವ್ವಳ ವಿದೇಶಿ ಆಸ್ತಿ, ಅಂದರೆ ಹೊರದೇಶಗಳಲ್ಲಿರುವ ಆಸ್ತಿಯಲ್ಲಿ ಹೊರಗಿನವರಿಗೆ ಕೊಡಬೇಕಾದದ್ದನ್ನು ಕಳೆದು ಉಳಿದದ್ದು, 533 ಲಕ್ಷ ಕೋಟಿ ಯೆನ್. ಜಗತ್ತಿಗೆ ಅತಿ ಹೆಚ್ಚು ಸಾಲ ಕೊಟ್ಟ ದೇಶ ಎಂಬ ಪಟ್ಟವನ್ನು 34 ವರ್ಷಗಳ ನಂತರ ಜರ್ಮನಿಗೆ ಬಿಟ್ಟುಕೊಟ್ಟರೂ, ಆ ಆಸ್ತಿ ಅದರ ಒಂದು ವರ್ಷದ ಜಿಡಿಪಿಗೆ ಹತ್ತಿರ ಇದೆ. ಹೊರದೇಶದ ಹೂಡಿಕೆಗಳಿಂದಲೇ ವರ್ಷಕ್ಕೆ ಸುಮಾರು 40 ಲಕ್ಷ ಕೋಟಿ ಯೆನ್ ಬರುತ್ತದೆ. ಅದು ಜಿಡಿಪಿಯ ಹೊರಗಿನ ಹಣ. ಭಾರತದ ನಿವ್ವಳ ಲೆಕ್ಕ ಇದಕ್ಕೆ ತದ್ವಿರುದ್ಧ, ನಾವು ಹೊರಗಿನವರಿಗೆ ಕೊಡಬೇಕಾದದ್ದೇ ಜಾಸ್ತಿ. ಬೆಳೆಯುವ ದೇಶಕ್ಕೆ ಇದರಲ್ಲಿ ತಪ್ಪೇನಿಲ್ಲ. ಮುಂಬೈ-ಅಹಮದಾಬಾದ್ ಬುಲೆಟ್ ರೈಲನ್ನೇ ನೋಡಿ. ಮೂಲ ಅಂದಾಜು ವೆಚ್ಚದ ಶೇಕಡಾ 80ರಷ್ಟಕ್ಕೆ ಸಾಲ ಕೊಡಲು ಒಪ್ಪಿದ್ದು ಜಪಾನ್, ಶೇಕಡಾ 0.1 ಬಡ್ಡಿಗೆ, 50 ವರ್ಷಕ್ಕೆ.

ಅಲ್ಲಿನವರ ಕಷ್ಟ

ಜಪಾನಿನಲ್ಲಿ ಎಲ್ಲವೂ ಸುಖ ಎಂದುಕೊಂಡರೆ ಅದೂ ಅರ್ಧ ಚಿತ್ರ. ಬೆಲೆ ಏರಿಕೆಯನ್ನು ಕಳೆದು ನೋಡಿದರೆ ಅಲ್ಲಿನ ಸಂಬಳ 2022, 2023, 2024 ಮೂರೂ ವರ್ಷ ಇಳಿದಿದೆ. 2025ರ ಮೇ ತಿಂಗಳಲ್ಲಿ 5 ಕಿಲೋ ಅಕ್ಕಿಯ ಸರಾಸರಿ ಬೆಲೆ 4,200 ಯೆನ್ ದಾಟಿತು, ಒಂದು ವರ್ಷದ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ತಾನು ಅಕ್ಕಿ ಕೊಂಡದ್ದೇ ಇಲ್ಲ, ಬೆಂಬಲಿಗರು ತಂದುಕೊಡುತ್ತಾರೆ ಎಂದ ಕೃಷಿ ಸಚಿವ ತಾಕು ಎತೊ ಅದೇ ತಿಂಗಳ 21ರಂದು ರಾಜೀನಾಮೆ ಕೊಡಬೇಕಾಯಿತು. ಸರ್ಕಾರ ತುರ್ತು ದಾಸ್ತಾನಿನ ಅಕ್ಕಿಯನ್ನು ಮಾರುಕಟ್ಟೆಗೆ ಬಿಟ್ಟಿತು. 10ರಲ್ಲಿ ಸುಮಾರು 3 ಜನ 65 ದಾಟಿದವರು. 2024ರಲ್ಲಿ ಹುಟ್ಟಿದ ಜಪಾನಿ ಮಕ್ಕಳು 7 ಲಕ್ಷಕ್ಕಿಂತ ಕಮ್ಮಿ. ಸರ್ಕಾರದ ಸಾಲ ಜಿಡಿಪಿಯ ಎರಡು ಪಟ್ಟಿಗಿಂತ ಜಾಸ್ತಿ. ಮುಂದೆ ಪಿಂಚಣಿ, ಆರೈಕೆ ಎರಡನ್ನೂ ಹೊರಬೇಕಾದ ಕೈಗಳು ವರ್ಷ ವರ್ಷ ಕಮ್ಮಿಯಾಗುತ್ತಿವೆ.

ಯೆನ್ ಇಳಿದದ್ದು ಅಲ್ಲಿನ ಜನರಿಗೂ ಬಿಸಿ ಮುಟ್ಟಿಸಿದೆ. ಇಂಧನ ಮತ್ತು ಆಹಾರದ ದೊಡ್ಡ ಪಾಲನ್ನು ಅವರು ಹೊರಗಿನಿಂದ ತರುತ್ತಾರೆ. ಹಾಗಾಗಿ ಡಾಲರ್ ಲೆಕ್ಕ ಬರೀ ಭ್ರಮೆ ಎಂದು ತಳ್ಳಿಹಾಕುವುದೂ ಸರಿಯಲ್ಲ.

ಗಾತ್ರದಿಂದ ಏನು ಸಿಗುತ್ತದೆ

ನಾಲ್ಕನೇ ಸ್ಥಾನವನ್ನು ಸಂಭ್ರಮಿಸುವವರ ವಾದದಲ್ಲಿ ಹುರುಳಿದೆ. ಒಟ್ಟು ಗಾತ್ರ ಬೇಕಾಗುವ ಜಾಗಗಳಿವೆ. ಕಂಪನಿಯೊಂದು ಹೊಸ ಕಾರ್ಖಾನೆ ಎಲ್ಲಿ ಹಾಕಬೇಕೆಂದು ಯೋಚಿಸುವಾಗ ಮಾರುಕಟ್ಟೆಯ ಒಟ್ಟು ಗಾತ್ರ ನೋಡುತ್ತದೆ. ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ದೊಡ್ಡ ಮಾರುಕಟ್ಟೆಯ ಮಾತಿಗೆ ತೂಕ ಜಾಸ್ತಿ. ಸೇನೆ, ಬಾಹ್ಯಾಕಾಶ, ಸಂಶೋಧನೆಗೆ ಬೇಕಾಗುವುದು ತಲಾ ಹಣವಲ್ಲ, ಒಟ್ಟು ಹಣ. ಉಪಗ್ರಹದ ಖರ್ಚು ದೇಶದಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ನೋಡಿ ಏರುವುದಿಲ್ಲ.

ತಲಾ ಆದಾಯ ಹಿಡಿದು ಟೀಕಿಸುವವರ ವಾದದಲ್ಲೂ ಹುರುಳಿದೆ. ಮನೆಯೊಳಗಿನ ಬದುಕಿಗೆ ಅದೇ ಹತ್ತಿರದ ಅಂಕಿ. ಈ ಎರಡು ವಾದಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ತಪ್ಪಾಗುವುದು ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಕೊಟ್ಟಾಗ. ನಾಲ್ಕನೇ ಸ್ಥಾನ ಬಂತು, ಆದ್ದರಿಂದ ಜನ ಚೆನ್ನಾಗಿದ್ದಾರೆ ಎನ್ನುವುದು ಒಂದು ತಪ್ಪು. ಜನ ಬಡವರಿದ್ದಾರೆ, ಆದ್ದರಿಂದ ಬೆಳವಣಿಗೆಯೇ ಸುಳ್ಳು ಎನ್ನುವುದು ಇನ್ನೊಂದು. ಮೊದಲನೆಯದು ಹೆಚ್ಚು ಅಪಾಯದ್ದು ಎಂದು ನನ್ನ ಅಭಿಪ್ರಾಯ. ಯಾಕೆಂದರೆ ಗುರಿ ಮುಟ್ಟಿದೆವು ಎಂದುಕೊಂಡ ಮೇಲೆ ಶಿಶು ಮರಣಕ್ಕೆ, ಶಾಲೆಗೆ ಹಣ ಕೇಳುವ ದನಿ ಮೆತ್ತಗಾಗುತ್ತದೆ.

ಮುಂದೆ ನೋಡಬೇಕಾದದ್ದು

ಐಎಂಎಫ್ ಪ್ರತಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಹೊಸ ಅಂದಾಜು ಕೊಡುತ್ತದೆ. ರೂಪಾಯಿ, ಯೆನ್ ಎರಡೂ ಅಲುಗಾಡುತ್ತಿರುವಾಗ ಸ್ಥಾನ ಮತ್ತೆ ಹಿಂದೆ ಮುಂದೆ ಆದರೆ ಗಾಬರಿಯಾಗಬೇಕಿಲ್ಲ. ಎರಡು ದೇಶಗಳ ಬೆಳವಣಿಗೆಯ ವೇಗ ಇಷ್ಟು ಬೇರೆ ಇರುವಾಗ ಭಾರತ ಮುಂದೆ ಹೋಗಿ ಅಲ್ಲೇ ನಿಲ್ಲುವ ಸಾಧ್ಯತೆಯೇ ಜಾಸ್ತಿ.

ಅದಕ್ಕಿಂತ ದೊಡ್ಡ ಬದಲಾವಣೆ ಕೆಳಗಿನ ಸಂಖ್ಯೆಯಲ್ಲಿ ಬರಬಹುದು. ತಲಾ ಆದಾಯ ಎಂದರೆ ಜಿಡಿಪಿಯನ್ನು ಜನಸಂಖ್ಯೆಯಿಂದ ಭಾಗಿಸುವುದು. ನಮ್ಮ ಕೊನೆಯ ಜನಗಣತಿ 2011ರದು. ಅಲ್ಲಿಂದ ಈಚೆಗೆ ನಾವು ಬಳಸುತ್ತಿರುವ ಜನಸಂಖ್ಯೆಯೆಲ್ಲ ಅಂದಾಜು. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ ಎಂದು ನಿಗದಿಯಾಗಿದೆ. ಮನೆಯಲ್ಲಿ ಶೌಚಾಲಯ ಇದೆಯೇ, ನೀರು ಎಲ್ಲಿಂದ, ಅಡುಗೆಗೆ ಯಾವ ಇಂಧನ ಎಂಬ ಪ್ರಶ್ನೆಗಳಿಗೂ ಆ ಗಣತಿಯಲ್ಲಿ ಮನೆಮನೆಯ ಉತ್ತರ ಸಿಗುತ್ತದೆ. ಜಪಾನ್ ಐದು ವರ್ಷಕ್ಕೊಮ್ಮೆ ತಪ್ಪದೆ ಈ ಎಣಿಕೆ ಮಾಡುತ್ತದೆ, 2020ರಲ್ಲಿ ಕೋವಿಡ್ ನಡುವೆಯೂ ಮಾಡಿತು.